ರೋಗಿಯ ಫೈಲು ರೋಗಿಯ ಜೊತೆ ಯಾಕೆ ಬರುವುದಿಲ್ಲ?

ಶಿರಸಿಯಿಂದ ಪತ್ರ ಬರೆದ ತಾಯಿಗೆ ನಮಸ್ಕಾರ.

ನಿಮ್ಮ ಮಗ ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳಿಗೆ ರೋಗಿಗಳ ದಾಖಲೆಯ ಸಾಫ್ಟ್‌ವೇರ್ ಮಾಡುತ್ತಾರೆ. ನೀವು ಮಾತ್ರ ಯಜಮಾನರ ಇಸಿಜಿ, ಸ್ಕ್ಯಾನು, ಶುಗರ್ ರಿಪೋರ್ಟು ಎಲ್ಲವನ್ನೂ ಕವರಿನಲ್ಲಿ ಹಿಡಿದು ಹುಬ್ಬಳ್ಳಿಗೆ ಓಡಾಡುತ್ತೀರಿ. ಈ ವ್ಯಾಪಾರ ಇಷ್ಟು ಬೆಳೆದರೂ ನಮ್ಮ ಕೈಗೆ ಯಾಕೆ ಏನೂ ಸಿಕ್ಕಿಲ್ಲ ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ.

ಮೊದಲಿಗೆ, ಈ ವ್ಯಾಪಾರ ತಾನಾಗಿ ಬೆಳೆದದ್ದಲ್ಲ. ಇಂಥ ಸಾಫ್ಟ್‌ವೇರ್ ಮಾಡುವ ಅಮೆರಿಕದ ಎಪಿಕ್, ಸರ್ನರ್ ಎರಡೂ 1979ರಲ್ಲೇ ಶುರುವಾದ ಕಂಪನಿಗಳು. ಆದರೂ 2008ರವರೆಗೆ ಅಮೆರಿಕದ ಬಹುಪಾಲು ಆಸ್ಪತ್ರೆಗಳು ಕಾಗದವನ್ನೇ ನಂಬಿದ್ದವು. 2009ರಲ್ಲಿ ಅಲ್ಲಿನ ಸರ್ಕಾರ ಹೈಟೆಕ್ ಎಂಬ ಕಾಯ್ದೆ ತಂದಿತು. ದಾಖಲೆಯನ್ನು ಕಂಪ್ಯೂಟರಿಗೆ ಏರಿಸಿದವರಿಗೆ ಪ್ರೋತ್ಸಾಹ ಧನ, ಏರಿಸದವರಿಗೆ ಆಮೇಲೆ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಾಗಿ ಇರುವ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಹಣದಲ್ಲಿ ಕಡಿತ. 3,000 ಕೋಟಿ ಡಾಲರಿಗೂ ಜಾಸ್ತಿ ಸರ್ಕಾರಿ ದುಡ್ಡು ಹೋಯಿತು. 2015ರ ಹೊತ್ತಿಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಆಸ್ಪತ್ರೆಗಳು ಬದಲಾಗಿದ್ದವು. ಬೆಂಗಳೂರಿನಲ್ಲೂ ಕಚೇರಿ ಇದ್ದ ಸರ್ನರ್ ಅನ್ನು 2022ರಲ್ಲಿ ಒರಾಕಲ್ ಕೊಂಡದ್ದು ಸುಮಾರು 2,800 ಕೋಟಿ ಡಾಲರಿಗೆ!

ಇಷ್ಟಾದರೂ ಅಲ್ಲಿನ ರೋಗಿಯ ಕಷ್ಟ ಪೂರ್ತಿ ತೀರಲಿಲ್ಲ. ಸಾಫ್ಟ್‌ವೇರ್ ಕೊಳ್ಳುವುದು ಆಸ್ಪತ್ರೆ, ರೋಗಿ ಅಲ್ವಲ್ಲ. ಹಾಗಾಗಿ ಬಿಲ್ಲು, ವಿಮೆಯ ಕೆಲಸಕ್ಕೆ ಮೊದಲ ಮಣೆ. ಒಂದು ಆಸ್ಪತ್ರೆಯ ದಾಖಲೆ ಪಕ್ಕದ ಆಸ್ಪತ್ರೆಯಲ್ಲಿ ತೆರೆಯದೆ ಫ್ಯಾಕ್ಸ್ ಮಾಡುತ್ತಿದ್ದರು. ಕೊನೆಗೆ, ಬೇಕೆಂದೇ ಮಾಹಿತಿ ತಡೆಹಿಡಿಯಬಾರದು ಎಂದು 2016ರಲ್ಲಿ ಇನ್ನೊಂದು ಕಾಯ್ದೆಯೇ ಬೇಕಾಯಿತು.

ನಮ್ಮಲ್ಲಿ 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂತು. ಒಬ್ಬರ ಆರೋಗ್ಯ ದಾಖಲೆಗಳನ್ನು ಒಟ್ಟಿಗೆ ಜೋಡಿಸಲು ಕೊಡುವ 14 ಅಂಕಿಯ ಆಭಾ ನಂಬರ್ ಅದರದ್ದೇ. ಇದರ ಲೆಕ್ಕಾಚಾರ ನನಗೆ ಹಿಡಿಸಿದೆ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಇರುತ್ತದೆ, ನೀವು ಒಪ್ಪಿದರೆ ಮಾತ್ರ ಬೇರೆ ಡಾಕ್ಟರಿಗೆ ಕಾಣುತ್ತದೆ. ಆದರೆ ಸುಮ್ನೆ ನಂಬರ್ ಮಾಡಿಸಿಕೊಂಡರೆ ಹಳೆಯ ರಿಪೋರ್ಟುಗಳು ತಾವಾಗಿ ಬಂದು ಸೇರುವುದಿಲ್ಲ. ಆಸ್ಪತ್ರೆ, ಲ್ಯಾಬು ಎರಡೂ ಈ ಜಾಲಕ್ಕೆ ಸೇರಿರಬೇಕು. ಹೊರಗೆ ಬೆಂಚು ತುಂಬಿರುವಾಗ ಬಿಪಿ ನೋಡಿ, ಚೀಟಿ ಬರೆದು, ಮುಂದಿನವರನ್ನು ಕರೆಯುವ ಡಾಕ್ಟರು ಟೈಪ್ ಮಾಡುವುದು ಯಾವಾಗ? ಅವರಿಗೊಬ್ಬ ಸಹಾಯಕರನ್ನು ಕೊಡದೆ ಕಂಪ್ಯೂಟರ್ ಮಾತ್ರ ಕೊಟ್ಟರೆ ಪ್ರಯೋಜನವಿಲ್ಲ.

ದುಬಾರಿ ಸಾಫ್ಟ್‌ವೇರೇ ಆಗಬೇಕೆಂದೂ ಇಲ್ಲ. ಛತ್ತೀಸ್‌ಗಢದ ಗನಿಯಾರಿ ಎಂಬ ಹಳ್ಳಿಯಲ್ಲಿರುವ ‘ಜನ ಸ್ವಾಸ್ಥ್ಯ ಸಹಯೋಗ’ ಎಂಬ ಸಂಸ್ಥೆಯ ಆಸ್ಪತ್ರೆಗಾಗಿ ಶುರುವಾದ ಬಹ್ಮ್ನಿ ಎಂಬ ಸಾಫ್ಟ್‌ವೇರ್ ಉಚಿತ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಈಗ ಬೇರೆ ದೇಶಗಳಲ್ಲೂ ಬಳಕೆಯಲ್ಲಿದೆ. ನಮ್ಮ ತಾಲೂಕು ಆಸ್ಪತ್ರೆಗಳಿಗೆ ಇಂಥದ್ದು ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸದ್ಯಕ್ಕೆ ಕಾಗದಗಳನ್ನು ಜೋಪಾನ ಮಾಡಿ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಸರ್ವರ್ ಮೇಲೆ ಸೈಬರ್ ದಾಳಿಯಾದಾಗ ಅಷ್ಟು ದೊಡ್ಡ ಆಸ್ಪತ್ರೆಯೇ ದಿನಗಟ್ಟಲೆ ಪೆನ್ನು-ಪೇಪರಿನಲ್ಲಿ ಕೆಲಸ ಮಾಡಬೇಕಾಯಿತು. ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಯಜಮಾನರ ಆಭಾ ನಂಬರ್ ಕೊಟ್ಟು, ರಿಪೋರ್ಟುಗಳನ್ನು ಅದಕ್ಕೆ ಜೋಡಿಸಿ ಎಂದು ಕೌಂಟರಿನಲ್ಲಿ ಕೇಳಿ. ಆಗಲ್ಲ ಅಂದರೆ ಕಾರಣ ಕೇಳಿಕೊಂಡು ನಮಗೆ ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ