ಹಾಪರ್ ಬದುಕಿನ ಎಂಟು ವರ್ಷ ಎಲ್ಲಿ ಹೋಯಿತು?

ನಮಸ್ಕಾರ.

ಅಮೆರಿಕದ ಚಿತ್ರಕಾರ ಎಡ್ವರ್ಡ್ ಹಾಪರ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಉತ್ತರ. 'ನೈಟ್‌ಹಾಕ್ಸ್' ಚಿತ್ರದ ಆ ಹೋಟೆಲಿಗೆ ರಸ್ತೆಯಿಂದ ಒಳಹೋಗುವ ಬಾಗಿಲೇ ಕಾಣುವುದಿಲ್ಲ ಎಂದು ಗುರುತಿಸಿದ್ದೀರಲ್ಲ, ಅದು ಚಿತ್ರವನ್ನು ನೋಡಿ ಬರೆದ ವಾಕ್ಯ. ಉಳಿದದ್ದರಲ್ಲಿ ಬಹುಪಾಲು ಚಿತ್ರದ ಬಗ್ಗೆ ಬೇರೆಯವರು ಬರೆದದ್ದನ್ನು ಓದಿ ಬರೆದದ್ದು. ಎರಡಕ್ಕೂ ಇರುವ ವ್ಯತ್ಯಾಸ ಓದುಗರಿಗೆ ಬೇಗ ಗೊತ್ತಾಗುತ್ತದೆ.

ದೊಡ್ಡ ತಕರಾರು ಇದು. ನಿಮ್ಮ ಲೇಖನದಲ್ಲಿ 1913ರ ಆರ್ಮರಿ ಶೋ ಎಂಬ ನ್ಯೂಯಾರ್ಕ್‌ನ ಕಲಾಪ್ರದರ್ಶನದಲ್ಲಿ ಹಾಪರ್‌ನ ಪೇಂಟಿಂಗ್ 'ಸೇಲಿಂಗ್' 250 ಡಾಲರಿಗೆ ಮಾರಾಟವಾಗುತ್ತದೆ. ಅದಾದ ತಕ್ಷಣ 1924: ಮದುವೆ, ರೆನ್ ಗ್ಯಾಲರಿಯ ಪ್ರದರ್ಶನ, ಯಶಸ್ಸು. ಮಧ್ಯೆ "ಕೆಲಕಾಲ ಎಚಿಂಗ್‌ಗಳನ್ನೂ (ತಾಮ್ರದ ತಗಡಿನಿಂದ ಒತ್ತುವ ಅಚ್ಚುಚಿತ್ರ) ಮಾಡಿದ" ಎಂಬ ಒಂದು ಸಾಲು. 'ಸೇಲಿಂಗ್' ಮಾರಾಟವಾದ ಮೇಲೆ ಹತ್ತು ವರ್ಷ ಹಾಪರ್‌ನ ಒಂದು ಪೇಂಟಿಂಗೂ ಹೋಗಲಿಲ್ಲ. ಹೊಟ್ಟೆಪಾಡಿಗೆ ಪತ್ರಿಕೆಗಳಿಗೆ ಚಿತ್ರ ಬರೆದುಕೊಡುತ್ತಿದ್ದ, ಆ ಕೆಲಸ ಅವನಿಗೆ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. 1915ರಲ್ಲಿ, ಆಸ್ಟ್ರೇಲಿಯಾ ಮೂಲದ ಕಲಾವಿದ ಮಾರ್ಟಿನ್ ಲೂಯಿಸ್‌ನಿಂದ ತಾಂತ್ರಿಕ ಸಲಹೆ ಪಡೆದು ಎಚಿಂಗ್ ಶುರುಮಾಡಿದ. 1923ರ ಹೊತ್ತಿಗೆ, ಈ ಎಂಟು ವರ್ಷಗಳಲ್ಲಿ, ಸುಮಾರು 70 ತಾಮ್ರದ ತಗಡುಗಳ ಮೇಲೆ ಕೆಲಸ ಮಾಡಿದ್ದ. ಎಣ್ಣೆಚಿತ್ರಗಳನ್ನು ಕೇಳುವವರಿಲ್ಲದ ಕಾಲದಲ್ಲಿ ಪ್ರದರ್ಶನಗಳಿಗೆ ಆಯ್ಕೆಯಾದದ್ದು, ಮಾರಾಟವಾದದ್ದು ಈ ಅಚ್ಚುಗಳು. ಎಚಿಂಗ್ ಹಿಡಿದ ಮೇಲೆ ತನ್ನ ಪೇಂಟಿಂಗ್ ಹರಳುಗಟ್ಟಿತು ಎಂದು ಮುಂದೆ ಅವನೇ ಹೇಳಿದ್ದಾನೆ. ನಿಮ್ಮ ಲೇಖನದ ನಡುಭಾಗ ಇದೇ ಆಗಬೇಕು.

ಆದರೆ ಅದನ್ನು ಬರೆಯಲು ಎಚಿಂಗ್ ಎಂದರೇನು ಎಂದು ತಿಳಿದಿರಬೇಕು. "ಲೋಹದ ಮೇಲೆ ಕೆತ್ತಿ, ಉಬ್ಬಿದ ಭಾಗಕ್ಕೆ ಶಾಯಿ ಸವರಿ ಕಾಗದಕ್ಕೆ ಒತ್ತುವ ವಿಧಾನ" ಎಂದು ಬರೆದಿದ್ದೀರಿ. ಅದು ರಬ್ಬರ್ ಸ್ಟ್ಯಾಂಪಿನ, ಮರದಚ್ಚಿನ ವಿಧಾನ. ಎಚಿಂಗ್ ಅದಕ್ಕೆ ಪೂರ್ತಿ ತದ್ವಿರುದ್ಧ, ಇಲ್ಲಿ ಶಾಯಿ ನಿಲ್ಲುವುದು ತಗ್ಗಿನಲ್ಲಿ.

ತಾಮ್ರದ ತಗಡಿನ ನಾಲ್ಕೂ ಅಂಚನ್ನು ಮೊದಲು ಅರದಿಂದ ಓರೆಯಾಗಿ ಉಜ್ಜಬೇಕು. ಉಜ್ಜದೆ ಹಾಗೇ ಬಿಟ್ಟರೆ ಪ್ರೆಸ್ಸಿನ ಒತ್ತಡಕ್ಕೆ ಕಾಗದವೂ ಮೇಲಿನ ಫೆಲ್ಟ್ ಬಟ್ಟೆಯೂ ಕತ್ತರಿಸಿಹೋಗುತ್ತವೆ. ಆಮೇಲೆ ಸೀಮೆಸುಣ್ಣದ ಪುಡಿಯಲ್ಲಿ ತಿಕ್ಕಿ ಜಿಡ್ಡು ತೆಗೆಯಬೇಕು. ಬೆರಳಚ್ಚಿನಷ್ಟು ಜಿಡ್ಡು ಉಳಿದರೂ ಅಲ್ಲಿ ಲೇಪ ಹಿಡಿಯುವುದಿಲ್ಲ, ಆಸಿಡ್ ಒಳನುಗ್ಗಿ ಬೇಡದ ಕಡೆ ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಜೇನುಮೇಣ, ಡಾಂಬರಿನಂಥ ಆಸ್ಫಾಲ್ಟಂ, ರಾಳ ಸೇರಿಸಿದ ಲೇಪವನ್ನು ಬಿಸಿ ತಗಡಿನ ಮೇಲೆ ತೆಳುವಾಗಿ ಹರಡುತ್ತಾರೆ. ಸೂಜಿ ಗೀರುವುದು ಈ ಲೇಪವನ್ನಷ್ಟೇ. ತಾಮ್ರವನ್ನು ತಗ್ಗು ಮಾಡುವುದು ಆಸಿಡ್. ಸೂಜಿಯಿಂದ ನೇರವಾಗಿ ತಾಮ್ರವನ್ನೇ ಗೀರಿದರೆ ಅದು ಡ್ರೈಪಾಯಿಂಟ್. ಹಾಪರ್ ಅದನ್ನೂ ಮಾಡಿದ್ದಾನೆ. ನೀವು ಎರಡನ್ನೂ ಒಂದೇ ಹೆಸರಿನಲ್ಲಿ ಕರೆದಿದ್ದೀರಿ, ಬೇರ್ಪಡಿಸಿ.

ಗೆರೆ ಎಷ್ಟು ಕಪ್ಪಾಗಬೇಕು ಎಂಬುದನ್ನು ತೀರ್ಮಾನಿಸುವುದು ಆಸಿಡ್‌ನಲ್ಲಿ ಕಳೆದ ಸಮಯ. ತಿಳಿಗೆರೆಗಳು ಕೆಲವೇ ನಿಮಿಷಕ್ಕೆ ಸಾಕಾದವು ಎಂದುಕೊಳ್ಳಿ. ತಗಡನ್ನು ಹೊರತೆಗೆದು, ತೊಳೆದು, ಒಣಗಿಸಿ, ಅಷ್ಟು ಭಾಗಕ್ಕೆ ವಾರ್ನಿಷ್ ಹಚ್ಚಿ ಮುಚ್ಚಿ, ಮತ್ತೆ ಇಳಿಸಬೇಕು. ನೈಟ್ರಿಕ್ ಆಸಿಡ್ ಆದರೆ ಗೆರೆಗಳ ಮೇಲೆ ಗುಳ್ಳೆ ಏಳುತ್ತದೆ, ಹಕ್ಕಿಗರಿಯಿಂದ ಅದನ್ನು ಸವರುತ್ತಲೇ ಇರಬೇಕು, ಇಲ್ಲವಾದರೆ ಗೆರೆ ತುಂಡುತುಂಡಾಗುತ್ತದೆ. ಹಾಪರ್‌ನಂತೆ ಅಡ್ಡಗೆರೆಯ ಮೇಲೆ ಅಡ್ಡಗೆರೆ ಹೆಣೆಯುವವನಿಗೆ ಇನ್ನೊಂದು ಅಪಾಯವೂ ಇದೆ. ಸಮಯ ಮಿತಿಮೀರಿದರೆ ಗೆರೆಗಳ ನಡುವಿನ ಲೇಪ ಕುಸಿದು, ಎಲ್ಲವೂ ಸೇರಿ ಒಂದೇ ಅಗಲವಾದ ಹಳ್ಳವಾಗುತ್ತದೆ. ಅಂಥ ಹಳ್ಳದಲ್ಲಿ ಶಾಯಿ ನಿಲ್ಲದು, ಒರೆಸುವಾಗ ಬಟ್ಟೆಗೆ ಹತ್ತಿಬರುತ್ತದೆ. ಕಡುಗಪ್ಪು ಬೇಕಿದ್ದ ಜಾಗ ಬೂದಿಬಣ್ಣಕ್ಕೆ ತಿರುಗುತ್ತದೆ.

ಕೊನೆಗೆ ಲೇಪ ತೆಗೆದು, ತಗಡಿಗೆಲ್ಲ ಶಾಯಿ ತುಂಬಿ, ಗಂಜಿ ಹಾಕಿದ ಜಾಳು ಬಟ್ಟೆಯಿಂದಲೂ ಅಂಗೈಯಿಂದಲೂ ಮೇಲ್ಮೈಯನ್ನು ಒರೆಸಿ, ಒದ್ದೆ ಮಾಡಿದ ಕಾಗದವಿಟ್ಟು ಎರಡು ಉರುಳೆಗಳ ಮಧ್ಯೆ ಹಾಯಿಸುತ್ತಾರೆ. ಕಾಗದ ಒಣಗಿದ್ದರೆ ಗೆರೆಯ ಆಳಕ್ಕಿಳಿದು ಶಾಯಿ ಎತ್ತಿಕೊಳ್ಳುವುದಿಲ್ಲ. ಅಚ್ಚು ಎಡಬಲ ತಿರುವಿ ಬರುತ್ತದೆ ಎಂಬುದನ್ನೂ ಸೇರಿಸಿ. ಇದೆಲ್ಲ ಓದಿದರೆ ಸಾಲದು, ಒಮ್ಮೆ ನೋಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಡೆ ಗ್ರಾಫಿಕ್ (ಅಚ್ಚುಚಿತ್ರ) ವಿಭಾಗದಲ್ಲಿ ಕೇಳಿಕೊಂಡು ಅರ್ಧ ದಿನ ನಿಂತರೆ ನಿಮ್ಮ ಕ್ರಿಯಾಪದಗಳು ತಾವಾಗಿಯೇ ಸರಿಹೋಗುತ್ತವೆ.

ಇಷ್ಟು ತಿಳಿದ ಮೇಲೆ 1921ರ 'ನೈಟ್ ಶ್ಯಾಡೋಸ್' ನೋಡಿ. ಮೇಲಿನಿಂದ ಕೆಳಗೆ ನೋಡಿದಂತೆ ಒಂದು ರಸ್ತೆಯ ಮೂಲೆ, ನಡೆದುಹೋಗುತ್ತಿರುವ ಒಬ್ಬ ಮನುಷ್ಯ, ಅವನ ದಾರಿಗೆ ಅಡ್ಡಬಿದ್ದ ಕಂಬದ ಉದ್ದನೆಯ ನೆರಳು. ತಗಡು ಸುಮಾರು 17.5 ಸೆಂಟಿಮೀಟರ್ ಎತ್ತರ, 21 ಸೆಂಟಿಮೀಟರ್ ಅಗಲ, ಅಷ್ಟೆ. ನೀವು "ಕತ್ತಲೆಯೇ ಮಾತಾಡುತ್ತದೆ" ಎಂದಿದ್ದೀರಿ. ಆ ಕತ್ತಲೆ ಗೆರೆಗಳ ಹೆಣಿಗೆ. ಕಪ್ಪಿನ ಪಕ್ಕದಲ್ಲೇ ಬೆಳಕಿನ ಜಾಗ ಬರಿಯ ಕಾಗದ. ಆ ಕಾಗದವನ್ನೂ ಅವನು ಆರಿಸಿಕೊಂಡಿದ್ದ: ಇಟಲಿಯ 'ಉಂಬ್ರಿಯಾ', ತನಗೆ ಸಿಕ್ಕವುಗಳಲ್ಲೇ ಅತಿ ಬಿಳಿ. ಶಾಯಿ ಸಾಕಷ್ಟು ಕಪ್ಪಿಲ್ಲವೆಂದು ಲಂಡನ್ನಿನಿಂದ ತರಿಸಿಕೊಂಡ. ತಗಡಿನ ಮೇಲೆ ಶಾಯಿಯ ಪೊರೆ ಬಿಟ್ಟು ಮಬ್ಬು ಹಿಡಿಸುವುದು ಆ ಕಾಲದ ಎಷ್ಟೋ ಎಚಿಂಗ್‌ಕಾರರಿಗೆ ಪ್ರಿಯವಾಗಿತ್ತು. ಹಾಪರ್‌ಗೆ ಬೇಕಾದದ್ದು ಕಪ್ಪು ಬಿಳಿಯ ನೇರ ಜಗಳ. ಅದೇ ವರ್ಷದ 'ಈವ್ನಿಂಗ್ ವಿಂಡ್'ನಲ್ಲಿ ಪರದೆ ಒಳಕ್ಕೆ ಹಾರುತ್ತಿದೆ, ಹಾಸಿಗೆ ಏರುತ್ತಿರುವ ಹೆಂಗಸು ಕಿಟಕಿಯತ್ತ ತಿರುಗಿದ್ದಾಳೆ, ಕಿಟಕಿಯಾಚೆ ಒಂದು ಗೆರೆಯೂ ಇಲ್ಲ. ಮುಂದಿನ ಎಣ್ಣೆಚಿತ್ರಗಳ ಕಿಟಕಿ, ಬಿಸಿಲು, ಒಬ್ಬಂಟಿ ಹೆಂಗಸು ಎಲ್ಲ ಇಲ್ಲೇ ಸಿದ್ಧವಾಗಿವೆ. 1920ರ 'ಅಮೆರಿಕನ್ ಲ್ಯಾಂಡ್‌ಸ್ಕೇಪ್' ಎಚಿಂಗ್‌ನಲ್ಲಿ ದನಗಳು ರೈಲುಹಳಿ ದಾಟುತ್ತಿವೆ, ಹಳಿ ಚಿತ್ರವನ್ನು ಅಡ್ಡ ಸೀಳಿದೆ, ಹಿಂದೆ ಒಂದು ಮನೆ. 1925ರ ಎಣ್ಣೆಚಿತ್ರ 'ಹೌಸ್ ಬೈ ದಿ ರೈಲ್‌ರೋಡ್' ಪಕ್ಕಕ್ಕಿಟ್ಟು ನೋಡಿದರೆ ದನಗಳು ಹೋಗಿವೆ, ಹಳಿ ಮನೆ ಉಳಿದಿವೆ. ಈ ಜೋಡಿಯ ಮೇಲೆ ಒಂದು ಪೂರ್ತಿ ಪ್ಯಾರಾ ಬೇಕು. ಒಂಟಿತನದ ಬಗ್ಗೆ ಇರುವ ನಾಲ್ಕು ಪ್ಯಾರಾಗಳಲ್ಲಿ ಮೂರನ್ನು ತೆಗೆದರೆ ಜಾಗ ಸಿಗುತ್ತದೆ.

ಇನ್ನು ಚಿಲ್ಲರೆ ತಪ್ಪುಗಳು. ಹಾಪರ್ ಪ್ಯಾರಿಸ್‌ನಲ್ಲಿ ಓದಿದ್ದಲ್ಲ. 1906ರಿಂದ 1910ರ ನಡುವೆ ಯುರೋಪಿಗೆ ಮೂರು ಸಲ ಹೋದ, ಅಲ್ಲಿ ಯಾವ ಶಾಲೆಗೂ ಸೇರಲಿಲ್ಲ. ಓದಿದ್ದು ನ್ಯೂಯಾರ್ಕ್‌ನಲ್ಲಿ, ಗುರುಗಳಲ್ಲಿ ಒಬ್ಬ ರಾಬರ್ಟ್ ಹೆನ್ರಿ. 'ನೈಟ್ ಶ್ಯಾಡೋಸ್'ನ "ಕೆಲವೇ ಪ್ರತಿಗಳಿವೆ" ಎಂಬುದು ತಪ್ಪು. 1924ರಲ್ಲಿ 'ನ್ಯೂ ರಿಪಬ್ಲಿಕ್' ಪತ್ರಿಕೆ ಹೊರತಂದ ಆರು ಎಚಿಂಗ್‌ಗಳ ಸಂಪುಟದಲ್ಲಿ ಅದೂ ಇತ್ತು. ತಾಮ್ರ ಮೆದು, ನೂರಾರು ಪ್ರತಿಗೆ ಸವೆಯುತ್ತದೆಂದು ತಗಡಿಗೆ ಉಕ್ಕಿನ ತೆಳುಲೇಪ ಕೊಡಿಸಿ ಮುದ್ರಿಸಿದರು.

ಹಾಪರ್‌ನ ಹೆಂಡತಿ ಜೋಸೆಫಿನ್ ನಿವಿಸನ್‌ಳನ್ನು "ತಾಳ್ಮೆಯ ಗೃಹಿಣಿ" ಎಂದು ಕರೆದಿರುವುದನ್ನು ಮಾತ್ರ ದಯವಿಟ್ಟು ಉಳಿಸಿಕೊಳ್ಳಬೇಡಿ. ಆಕೆಯೂ ಚಿತ್ರಕಾರ್ತಿ. 1923ರಲ್ಲಿ ಬ್ರೂಕ್ಲಿನ್ ಮ್ಯೂಸಿಯಂ ಆಕೆಯ ಜಲವರ್ಣಗಳನ್ನು ಪ್ರದರ್ಶನಕ್ಕೆ ಕರೆದಾಗ ಹಾಪರ್‌ನವನ್ನೂ ನೋಡಿ ಎಂದು ಹೇಳಿದ್ದು ಆಕೆ. ಮ್ಯೂಸಿಯಂ 'ದಿ ಮ್ಯಾನ್ಸಾರ್ಡ್ ರೂಫ್' ಚಿತ್ರವನ್ನು 100 ಡಾಲರಿಗೆ ಕೊಂಡಿತು. ಹತ್ತು ವರ್ಷದ ಬರಗಾಲ ಮುಗಿದದ್ದು ಹಾಗೆ. ಮುಂದಿನ ವರ್ಷ ಮದುವೆ. ತಾಳ್ಮೆಯ ವಿಷಯಕ್ಕೆ ಬಂದರೆ, ಇಬ್ಬರ ಜಗಳಗಳು ಪ್ರಸಿದ್ಧ.

ಹಾಪರ್ ಹೇಳಿದನೆಂದು ನೀವು ಉದ್ಧರಿಸಿದ ಐದು ಮಾತುಗಳಲ್ಲಿ ಯಾವುದಕ್ಕೂ ಎಲ್ಲಿ, ಯಾವಾಗ ಎಂಬುದಿಲ್ಲ. ಪತ್ರವೋ ಸಂದರ್ಶನವೋ ತೋರಿಸಲಾಗದ್ದನ್ನು ತೆಗೆಯಿರಿ.

ಮರುಬರಹ 1,500 ಪದ ಮೀರದಿರಲಿ. ಇಂಟರ್ನೆಟ್‌ನಿಂದ ಇಳಿಸಿಕೊಂಡ ಚಿತ್ರಗಳನ್ನು ಲಗತ್ತಿಸಬೇಡಿ. ಕೃತಿಯ ಹೆಸರು, ವರ್ಷ, ಅದು ಯಾವ ಮ್ಯೂಸಿಯಂನಲ್ಲಿದೆ ಎಂದು ಬರೆದರೆ ಅನುಮತಿಯ ಕೆಲಸ ನಮ್ಮದು. ಪೂರ್ತಿ ತಿದ್ದುವ ಮೊದಲು 'ನೈಟ್ ಶ್ಯಾಡೋಸ್' ಪ್ಯಾರಾ ಒಂದನ್ನೇ ಹೊಸದಾಗಿ ಬರೆದು ಕಳಿಸಿ. ಅದು ಸರಿ ಬಂದರೆ ಮುಂದಿನದನ್ನು ಮಾತಾಡೋಣ.