ತಲೆಸುತ್ತಿಗೆ ಚೀನಾದ ಕಪ್ಪಿಂಗ್: ಮೊದಲು ಕಿವಿ ತೋರಿಸಿ

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೆಲ್ಲ ತಾಯಿಯವರಿಗೆ ಕೋಣೆಯೇ ಗಿರ್ರನೆ ತಿರುಗುತ್ತದೆ, ಮೈಗೆ ಬಟ್ಟಲು ಅಂಟಿಸುವ ಚೀನಾದ ಕಪ್ಪಿಂಗ್ ಮಾಡಿಸಬಹುದೇ ಎಂದು ಕೇಳಿದ್ದೀರಿ. ನಾನಾದರೆ ಮೊದಲು ಕಿವಿ, ಮೂಗು, ಗಂಟಲು ತಜ್ಞರಲ್ಲಿಗೆ ಕರೆದೊಯ್ಯುತ್ತೇನೆ.

ಕೆಲಸದ ನಿಮಿತ್ತ ಚೀನಾದ ಗುವಾಂಗ್‌ಝೌ ನಗರದಲ್ಲಿರುವ ನಾನು ಕತ್ತು ಬಿಗಿದಾಗ ಕಪ್ಪಿಂಗ್ ಮಾಡಿಸಿಕೊಂಡಿದ್ದೇನೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಇಕ್ಕಳದಲ್ಲಿ ಹಿಡಿದು ಹೊತ್ತಿಸುತ್ತಾರೆ. ಗಾಜಿನ ಬಟ್ಟಲೊಳಗೆ ಅದನ್ನು ಒಂದು ಸುತ್ತು ಆಡಿಸಿ, ಹೊರಗೆಳೆದ ಕೂಡಲೇ ಬಟ್ಟಲನ್ನು ಬೆನ್ನಿಗೆ ಕವುಚುತ್ತಾರೆ. ಒಳಗಿನ ಬಿಸಿ ಗಾಳಿ ತಣ್ಣಗಾದಂತೆ ಒತ್ತಡ ಕುಸಿದು ಚರ್ಮ ಮೇಲಕ್ಕೆ ಉಬ್ಬುತ್ತದೆ, ನೇರಳೆ ಬಣ್ಣಕ್ಕೆ ತಿರುಗುತ್ತದೆ. ತೆಗೆಯುವಾಗ ಅಂಚಿನ ಬಳಿ ಬೆರಳೊತ್ತಿದರೆ ಪುಸ್ಸೆಂದು ಗಾಳಿ ನುಗ್ಗಿ ಬಟ್ಟಲು ಕಳಚಿಕೊಳ್ಳುತ್ತದೆ. ಕತ್ತು ಹಗುರಾಗುವುದು ನಿಜ. ಆದರೆ ಉಳಿಯುವ ಕಲೆ 'ವಿಷ ಹೊರಬಂದ' ಗುರುತಲ್ಲ, ಸೂಕ್ಷ್ಮ ರಕ್ತನಾಳಗಳು ಒಡೆದ ಗುರುತು.

ನಾಲ್ಕನೆಯ ಶತಮಾನದ ಚೀನೀ ವೈದ್ಯ 'ಗೆ ಹೊಂಗ್' ಪ್ರಾಣಿಗಳ ಕೊಂಬನ್ನು ಹೀಗೆ ಬಳಸುವುದರ ಬಗ್ಗೆ ಬರೆದದ್ದು ಕುರುವಿನ ಕೀವು ತೆಗೆಯುವ ಸಂದರ್ಭದಲ್ಲಿ. ತಲೆಸುತ್ತಿಗೆ ಚೀನೀ ವೈದ್ಯ ಪರಂಪರೆ ಯಕೃತ್ತಿನ 'ಗಾಳಿ', ಕಫ, ನಿಶ್ಶಕ್ತಿ ಎಂಬ ಕಾರಣಗಳನ್ನು ಕೊಡುತ್ತದೆ. ಕಫವಿಲ್ಲದೆ ತಲೆಸುತ್ತೇ ಇಲ್ಲ ಎಂದವನು ಹದಿನಾಲ್ಕನೆಯ ಶತಮಾನದ ವೈದ್ಯ ಝು ದಾನ್‌ಶಿ. ಈ ಪರಂಪರೆಯಲ್ಲಿ ತಲೆಸುತ್ತಿಗೆ, ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯ ಕೆಳಗೆ, 'ದಾಝುಯಿ' ಎಂಬ ಬಿಂದುವಿನಲ್ಲಿ ಬಟ್ಟಲಿಡುವುದುಂಟು.

ಆದರೆ ನೀವು ವಿವರಿಸಿದ ಲಕ್ಷಣಕ್ಕೆ ಸಾಮಾನ್ಯವಾಗಿ ಕಾರಣ ಒಳಗಿವಿ. ಅಲ್ಲಿನ ಸಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಜಾಗ ತಪ್ಪಿ ಸಮತೋಲನ ಕಾಯುವ ಅರೆವೃತ್ತದ ನಾಳಕ್ಕೆ ಸೇರಿಕೊಂಡಿರುತ್ತವೆ. ಬೆನ್ನಿನ ಚರ್ಮವನ್ನು ಎಷ್ಟು ಎಳೆದರೂ ಅವು ಕದಲುವುದಿಲ್ಲ. ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಹಿಂದಕ್ಕೆ ಕಳುಹಿಸುವ ಎಪ್ಲಿ ವಿಧಾನವಿದೆ. ಔಷಧಿ ಬೇಡ, ಕೆಲವೇ ನಿಮಿಷಗಳ ಕೆಲಸ, ಅನೇಕರಿಗೆ ಒಂದೆರಡು ಸಲದಲ್ಲೇ ಗುಣ ಸಿಗುತ್ತದೆ. ಚೀನಾದ ದೊಡ್ಡ ಆಸ್ಪತ್ರೆಗಳಲ್ಲೂ ಇದಕ್ಕೆ ಹೀಗೆಯೇ ತಲೆ ತಿರುಗಿಸಿ ಚಿಕಿತ್ಸೆ ಕೊಡುತ್ತಾರೆ.

ತಲೆಸುತ್ತಿನ ಜೊತೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ವಸ್ತು ಎರಡಾಗಿ ಕಂಡರೆ ಅಥವಾ ನಿಲ್ಲಲೂ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ತಡಮಾಡದೆ ತುರ್ತು ಚಿಕಿತ್ಸೆಗೆ ಒಯ್ಯಿರಿ.

ಕಿವಿಯ ತಪಾಸಣೆ ಮುಗಿದ ಮೇಲೂ ಕತ್ತಿನ ಬಿಗಿತಕ್ಕೆಂದು ಕಪ್ಪಿಂಗ್ ಬೇಕೆನಿಸಿದರೆ ನನ್ನ ಆಕ್ಷೇಪವಿಲ್ಲ. ತಾಯಿಯವರು ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಬೇಡ. ಕತ್ತಿನ ಮುಂಭಾಗಕ್ಕೂ ಪಕ್ಕಕ್ಕೂ ಬಟ್ಟಲು ಇಡಲು ಬಿಡಬೇಡಿ, ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ಅಲ್ಲಿವೆ.