ಯಾರೋ ಕಟ್ಟಿದ ಜರ್ಮನಿಕ್ ಭಾಷೆಯ ಪದಗಳ ಅರ್ಥವನ್ನು ಊಹಿಸುವುದು ಹೇಗೆ?

ಇಂಗ್ಲಿಷ್, ಜರ್ಮನ್, ಡಚ್ ಎಲ್ಲ ಒಂದೇ ಜರ್ಮನಿಕ್ ಬಳಗದ ಭಾಷೆಗಳು; ಈ ಬಳಗದ ಪದಗಳನ್ನು ಆಧರಿಸಿ ಹೊಸದಾಗಿ ರಚಿಸಿದ ಭಾಷೆಯನ್ನೇ ಇಲ್ಲಿ ಕಟ್ಟಿದ ಭಾಷೆ ಅನ್ನುತ್ತಿರುವುದು. ಹಾಗಾಗಿ ಇಂಗ್ಲಿಷ್ ಬಂದರೆ ಅರ್ಧ ಕೆಲಸ ಆದಂತೆ. ಉಳಿದರ್ಧಕ್ಕೆ ಧ್ವನಿ ಬದಲಾಗುವ ಕ್ರಮ ಗೊತ್ತಿರಬೇಕು. ಹಳಗನ್ನಡದ 'ಪಾಲ್' ಇಂದು 'ಹಾಲು' ಆಗಿದೆಯಲ್ಲ, ಹಾಗೆಯೇ ಇಂಗ್ಲಿಷ್ ಉಳಿಸಿಕೊಂಡ ಹಳೆಯ ಪಕಾರ ಜರ್ಮನ್‌ನಲ್ಲಿ ಎಷ್ಟೋ ಕಡೆ ಫಕಾರವಾಗಿದೆ: ಶಿಪ್, ಶಿಫ್. ಟಕಾರ ಸಕಾರವಾಗಿದೆ: ವಾಟರ್, ವಾಸ್ಸರ್. ಇಂಗ್ಲಿಷಿನ ಬುಕ್ ಜರ್ಮನ್‌ನಲ್ಲಿ ಬೂಖ್.

'ಫೋಕ್‌ಸ್ಪ್ರಾಕ್' ಎಂಬ ಕಟ್ಟಿದ ಭಾಷೆಯ ಹೆಸರನ್ನೇ ಬಿಡಿಸಿ ನೋಡಿ. 'ಫೋಕ್' ಅಂದರೆ ಜನ, ಇದು ಸುಲಭ. 'ಸ್ಪ್ರಾಕ್'? ಜರ್ಮನ್‌ನ 'ಶ್ಪ್ರಾಖೆ' ನೆನಪಾದರೆ ಭಾಷೆ ಎಂದು ಹೊಳೆಯುತ್ತದೆ. ಇಂಗ್ಲಿಷಿನ 'ಸ್ಪೀಕ್' ಕೂಡ ಇದೇ ಬಳಗದ್ದು, ನಡುವಿನ ರಕಾರ ಉದುರಿಹೋಗಿದೆ ಅಷ್ಟೆ.

ಎಡವುವುದು ಧ್ವನಿಯಲ್ಲಲ್ಲ, ಅರ್ಥದಲ್ಲಿ. ಇಂಗ್ಲಿಷಿನ 'ಟೌನ್' ಊರು. ಅದೇ ಮೂಲದ ಡಚ್ ಪದಕ್ಕೆ ತೋಟ ಎಂದರ್ಥ, ಜರ್ಮನ್‌ನ 'ತ್ಸೌನ್' ಬೇಲಿ. ಮೊದಲು ಬೇಲಿ, ಆಮೇಲೆ ಬೇಲಿಯೊಳಗಿನ ಜಾಗ! ಕಟ್ಟಿದ ಭಾಷೆಯಲ್ಲಿ 'ಟೂನ್' ಎಂಬ ಪದ ಸಿಕ್ಕರೆ ಕಟ್ಟಿದವರು ಈ ಮೂರರಲ್ಲಿ ಯಾವುದನ್ನು ಆರಿಸಿಕೊಂಡರೋ, ಪದ ನೋಡಿ ಹೇಳಲಾಗದು. ಅದಕ್ಕೇ ನಾನು ಬಿಡಿ ಪದ ಕೊಟ್ಟರೆ ಊಹಿಸುವುದಿಲ್ಲ, ಇಡೀ ವಾಕ್ಯ ಕೇಳುತ್ತೇನೆ. ಪಕ್ಕದಲ್ಲಿ ಹೂವಿನ ಮಾತು ಬಂದರೆ ತೋಟ, ಹಾರಿ ದಾಟುವ ಮಾತು ಬಂದರೆ ಬೇಲಿ.